ಇಂಗ್ಲೆಂಡಿನಲ್ಲಿ ಕೇರ್ ಹೋಮ್, ಹೋಮ್ ಕೇರ್ ನಡೆಸುವವರಿಗೆ: 2026ರ ಏಪ್ರಿಲ್‌ನ ಬದಲಾವಣೆಗಳನ್ನು ಒಮ್ಮೆ ನೋಡಿಕೊಳ್ಳಿ

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೇರ್ ಹೋಮ್ ನಡೆಸುವವರು, ರಿಜಿಸ್ಟರ್ಡ್ ಮ್ಯಾನೇಜರ್‌ಗಳು, ಸೀನಿಯರ್ ಕೇರರ್‌ಗಳು ಸುಮಾರು ಜನ ಇದ್ದೀರಿ. 2026ರ ಏಪ್ರಿಲ್‌ನಿಂದ ಸಂಬಳದಲ್ಲಿ, ಸಿಕ್ ಪೇಯಲ್ಲಿ (ಕಾಯಿಲೆ ರಜೆಯ ಸಂಬಳ) ಬದಲಾವಣೆ ಇದೆ. ಜೊತೆಗೆ ಪದೇ ಪದೇ ಕೇಳುವ ಕೆಲವು ಹಳೆಯ ವಿಷಯಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ತಪಾಸಣೆ ಮಾಡುವ ಸಂಸ್ಥೆಗಳೇ ಬೇರೆ, ಅಲ್ಲಿಯವರು ಇದನ್ನು ನಂಬಿಕೊಂಡು ಹೋಗಬೇಡಿ.

ಮೊದಲು ದುಡ್ಡು. 2026ರ ಏಪ್ರಿಲ್ 1ರಿಂದ 21 ತುಂಬಿದವರಿಗೆ ಗಂಟೆಗೆ ಕನಿಷ್ಠ 12.71 ಪೌಂಡ್. ಅದಕ್ಕೆ ಮುಂಚೆ ಇದ್ದದ್ದು 12.21. ಆದರೆ 2025ರ ಏಪ್ರಿಲ್ 9ರಂದು ಅಥವಾ ಆಮೇಲೆ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ (ವೀಸಾಗಾಗಿ ಕೆಲಸ ಕೊಡುವವರು ಕೊಡುವ ದಾಖಲೆ) ಪಡೆದ ಕೇರರ್‌ಗಳಿಗೆ ಕನಿಷ್ಠ 12.82 ಕೊಡಬೇಕು. ನಡುವೆ ಇರುವುದು 11 ಪೆನ್ಸ್, ಅಷ್ಟೇ. ಪೇರೋಲ್‌ನವರು ಎಲ್ಲರಿಗೂ ಒಂದೇ ಹೊಸ ದರ ಹಾಕಿಬಿಟ್ಟರೆ ಕನಿಷ್ಠ ಕೂಲಿ ಕಾನೂನಿನ ಪ್ರಕಾರ ಎಲ್ಲಾ ಸರಿ ಕಾಣುತ್ತದೆ, ಸ್ಪಾನ್ಸರ್ ಲೈಸೆನ್ಸ್‌ಗೆ (ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಅನುಮತಿ) ಮಾತ್ರ ಕುತ್ತು ಬರುತ್ತದೆ. ಒಬ್ಬೊಬ್ಬರ ಸರ್ಟಿಫಿಕೇಟ್ ತೆಗೆದು, ಅದರಲ್ಲಿ ಬರೆದಿರುವ ದರಕ್ಕೂ ಪೇಸ್ಲಿಪ್‌ಗೂ ತಾಳೆ ನೋಡಿ.

ಏಪ್ರಿಲ್ 6ರಿಂದ ಸಿಕ್ ಪೇ ಮೊದಲ ದಿನದಿಂದಲೇ ಶುರು. ಮೂರು ದಿನ ಕಾಯುವ ಪದ್ಧತಿ ಹೋಯಿತು. ಇಂತಿಷ್ಟು ಸಂಪಾದನೆ ಇದ್ದರೆ ಮಾತ್ರ ಅನ್ನುವ ಮಿತಿಯೂ ಹೋಯಿತು. ವಾರಕ್ಕೆ ಒಂದೇ ಶಿಫ್ಟ್ ಮಾಡುವವರಿಗೂ ಸಿಗುತ್ತದೆ. ಬ್ಯಾಂಕ್ ಸ್ಟಾಫ್ (ಬೇಕಾದಾಗ ಮಾತ್ರ ಕರೆಯುವವರು) ಜಾಸ್ತಿ ಇಟ್ಟುಕೊಂಡವರು ಬಜೆಟ್ ಇನ್ನೊಮ್ಮೆ ನೋಡಿ.

ಹೋಮ್ ಕೇರ್‌ನವರಿಗೆ ಒಂದು ಮಾತು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಮಯವೂ ಕೆಲಸದ ಸಮಯವೇ. ರೋಟಾದಲ್ಲಿ (ಶಿಫ್ಟ್ ಪಟ್ಟಿ) 9ರಿಂದ 9.30 ಒಬ್ಬರ ಮನೆ, 9.30ಕ್ಕೆ ಸರಿಯಾಗಿ ನಾಲ್ಕು ಮೈಲಿ ದೂರದ ಇನ್ನೊಬ್ಬರ ಮನೆ ಅಂತ ಬರೆದಿದ್ದರೆ ಅಲ್ಲಿ ಎರಡು ತಪ್ಪು ಇದೆ. ಕೇರರ್‌ಗೆ ದುಡ್ಡು ಕಡಿಮೆ ಬೀಳುತ್ತದೆ. ಯಾರೋ ಒಬ್ಬ ಅಜ್ಜನಿಗೆ ಅರ್ಧ ಗಂಟೆಯ ಬದಲು 18 ನಿಮಿಷ ಸಿಗುತ್ತದೆ.

ಇನ್ನು ಸ್ಟಾಫ್ ಫೈಲ್. ಆರೈಕೆ ಸೇವೆಗಳಿಗೆ ಇರುವ 2014ರ ನಿಯಮಗಳ ಶೆಡ್ಯೂಲ್ 3 ಅನ್ನು ಒಮ್ಮೆ ಓದಿ, ಒಂದೇ ಪುಟ ಇದೆ. ಅದು ಕೇಳುವುದು ಪೂರ್ತಿ ಉದ್ಯೋಗ ಚರಿತ್ರೆ. ಕಳೆದ ಐದು ವರ್ಷದ್ದಲ್ಲ, ಹತ್ತು ವರ್ಷದ್ದೂ ಅಲ್ಲ. ನಡುವೆ ಬಿಡುವು ಇದ್ದರೆ ಅದಕ್ಕೆ ಬರಹದಲ್ಲಿ ವಿವರಣೆ ಬೇಕು. "ಮಗು ಆಯ್ತು, ಎರಡು ವರ್ಷ ಮನೇಲಿದ್ದೆ" ಅಂತ ಬರೆದರೆ ಸಾಕು, ಯಾರೂ ತಪ್ಪು ತಿಳಿಯುವುದಿಲ್ಲ. ಖಾಲಿ ಬಿಟ್ಟರೆ ಮಾತ್ರ ತಿಳಿಯುತ್ತಾರೆ. ಹಿಂದೆ ಆರೋಗ್ಯ ಅಥವಾ ಆರೈಕೆ ಕೆಲಸದಲ್ಲಿ ಇದ್ದವರಾದರೆ ನಡತೆ ಹೇಗಿತ್ತು, ಯಾಕೆ ಬಿಟ್ಟರು ಅನ್ನುವುದಕ್ಕೂ ಪುರಾವೆ ಇರಬೇಕು.

ನೆನಪಿರಲಿ, ಡಿಬಿಎಸ್ (ಇಲ್ಲಿನ ಅಪರಾಧ ದಾಖಲೆ ತಪಾಸಣೆ) ನಮ್ಮೂರಿನ ಪೊಲೀಸ್ ದಾಖಲೆ ನೋಡುವುದಿಲ್ಲ. ಊರಿಂದ ಬಂದವರದ್ದು ಪೊಲೀಸ್ ಕ್ಲಿಯರೆನ್ಸ್ ಬೇರೆ ತರಿಸಬೇಕು. ಅಲ್ಲಿದ್ದಾಗ ಪಾಸ್‌ಪೋರ್ಟ್ ಸೇವಾ ಮೂಲಕ, ಇಲ್ಲಿಗೆ ಬಂದ ಮೇಲೆ ಭಾರತೀಯ ಹೈಕಮಿಷನ್ ಮೂಲಕ. ಡಿಬಿಎಸ್ ಅಪ್ಡೇಟ್ ಸರ್ವಿಸ್‌ಗೆ ಸರ್ಟಿಫಿಕೇಟ್ ಕೊಟ್ಟ ತಾರೀಕಿನಿಂದ 30 ದಿನದೊಳಗೆ ಸೇರಬೇಕು. ವರ್ಷಕ್ಕೆ 16 ಪೌಂಡ್. ತಪ್ಪಿಸಿಕೊಂಡರೆ ಹೊಸದಾಗಿ ಅರ್ಜಿ, ಹೊಸದಾಗಿ ದುಡ್ಡು.

ಸಿಕ್ಯುಸಿಗೆ (ಇಂಗ್ಲೆಂಡಿನ ಆರೈಕೆ ತಪಾಸಣೆ ಸಂಸ್ಥೆ) ಕಳಿಸುವ ನೋಟಿಫಿಕೇಶನ್, ಔಷಧಿ, ಡಾಲ್ಸ್ (ಒಪ್ಪಿಗೆ ಕೊಡಲಾಗದವರ ಸ್ವಾತಂತ್ರ್ಯ ನಿರ್ಬಂಧಿಸಲು ಬೇಕಾದ ಅನುಮತಿ) ಬಗ್ಗೆ ಕೆಳಗೆ ಯಾರಾದರೂ ಕೇಳಿದರೆ ಬರೆಯುತ್ತೇನೆ. ಕೈ ನೋವು ಬಂತು.

ನೈಟ್‌ಶಿಫ್ಟ್_ನಂಜುಂಡ

ಒಳ್ಳೇ ಕೆಲಸ ಮಾಡಿದ್ರಿ ಮೇಡಂ. ಸ್ಲೀಪ್-ಇನ್ ಶಿಫ್ಟ್‌ಗೂ ಈ 12.71 ಲೆಕ್ಕ ಬರುತ್ತಾ? ನಮ್ಮಲ್ಲಿ ರಾತ್ರಿಗೆ ಒಟ್ಟು ಇಷ್ಟು ಅಂತ ಕೊಡುತ್ತಾರೆ.

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ಮಲಗಲು ಜಾಗ ಕೊಟ್ಟು, ಬೇಕಾದಾಗ ಮಾತ್ರ ಎದ್ದರೆ ಸಾಕು ಅನ್ನುವ ಒಪ್ಪಂದ ಇದ್ದರೆ, ನಿದ್ದೆಯ ಗಂಟೆಗಳು ಕನಿಷ್ಠ ಕೂಲಿ ಲೆಕ್ಕಕ್ಕೆ ಬರುವುದಿಲ್ಲ. 2021ರ ಮಾರ್ಚ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಮೆನ್‌ಕ್ಯಾಪ್ ಅನ್ನುವ ಸೇವಾಸಂಸ್ಥೆಯ ಕೇಸಿನಲ್ಲಿ ಹಾಗೆ ತೀರ್ಪು ಕೊಟ್ಟಿತು. ಎದ್ದು ಕೆಲಸ ಮಾಡಿದ ಸಮಯಕ್ಕೆ ಲೆಕ್ಕ ಬರುತ್ತದೆ. ಅದಕ್ಕೇ ರಾತ್ರಿ ಎದ್ದಾಗಲೆಲ್ಲ ಸಮಯ ಬರೆದಿಡಿ. ವೇಕಿಂಗ್ ನೈಟ್ (ರಾತ್ರಿಯಿಡೀ ಎಚ್ಚರವಿರುವ ಶಿಫ್ಟ್) ಆದರೆ ಪೂರ್ತಿ ಸಂಬಳ. ಅದರಲ್ಲಿ ಮಾತೇ ಇಲ್ಲ.

ನೈಟ್‌ಶಿಫ್ಟ್_ನಂಜುಂಡ

ಹೆಸರು ಸ್ಲೀಪ್-ಇನ್, ರಾತ್ರಿ ನಾಲ್ಕೈದು ಸಲ ಏಳಿಸುತ್ತಾರೆ. ಬರೆದಿಡ್ತೀನಿ.

ಹಾಸನದ_ನರ್ಸ್

ಔಷಧಿ ಬಗ್ಗೆ ನಾನು ಬರೆಯುತ್ತೇನೆ. ಮಾರ್ ಚಾರ್ಟ್ (ಔಷಧಿ ಕೊಟ್ಟದ್ದನ್ನು ದಾಖಲಿಸುವ ಹಾಳೆ) ಆಡಿಟ್ ಅಂದರೆ ಎಲ್ಲರೂ ಖಾಲಿ ಚೌಕ ಹುಡುಕುತ್ತಾರೆ. ಸಹಿ ಇಲ್ಲದ ಚೌಕ ಎದ್ದು ಕಾಣುತ್ತದೆ, ಸುಲಭ. ನಿಜವಾದ ತೊಂದರೆ ಇರುವುದು ಸಹಿ ಇರುವ ಚೌಕಗಳಲ್ಲಿ.

ಪ್ಯಾರಸಿಟಮಾಲ್ 500, "ಒಂದು ಅಥವಾ ಎರಡು, ಬೇಕಾದಾಗ" ಅಂತ ಬರೆದಿರುತ್ತದೆ. ಕೇರರ್ ಸಹಿ ಹಾಕಿರುತ್ತಾಳೆ. ಒಂದು ಕೊಟ್ಟಳೋ ಎರಡು ಕೊಟ್ಟಳೋ ಗೊತ್ತಿಲ್ಲ. ಎಷ್ಟು ಗಂಟೆಗೆ ಅಂತಲೂ ಇಲ್ಲ. ರಾತ್ರಿ ಶಿಫ್ಟ್‌ನವರು ಬಂದಾಗ ಹಿಂದಿನ ಡೋಸ್ ಕೊಟ್ಟು ನಾಲ್ಕು ಗಂಟೆ ಕಳೆದಿದೆಯೋ ಇಲ್ಲವೋ ಅಂತ ಲೆಕ್ಕ ಹಾಕುವುದು ಹೇಗೆ? ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿದರೆ ಲೆಕ್ಕ ಸೇರುವುದಿಲ್ಲ. ನಾನು ಆಡಿಟ್ ಮಾಡುವಾಗ ಮೊದಲು ಎಣಿಸುವುದೇ ಈ ಡಬ್ಬಿ.

ಬೇಕಾದಾಗ ಕೊಡುವ ಪ್ರತಿಯೊಂದು ಔಷಧಿಗೂ ಒಂದು ಹಾಳೆ ಇರಬೇಕು. ಯಾವುದಕ್ಕೆ, ಎಷ್ಟು, ಎಷ್ಟು ಹೊತ್ತಿಗೊಮ್ಮೆ, ದಿನಕ್ಕೆ ಗರಿಷ್ಠ ಎಷ್ಟು, ಕೊಟ್ಟ ಮೇಲೆ ಕಡಿಮೆ ಆಯಿತಾ. ಮುಖ್ಯವಾಗಿ, ಈ ವ್ಯಕ್ತಿ ನೋವನ್ನು ಹೇಗೆ ತೋರಿಸುತ್ತಾರೆ. ಡಿಮೆನ್ಶಿಯಾ ಇರುವವರು "ನೋವು" ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಕೆಲವರು ಸೆರಗಿನ ತುದಿ ಹಿಂಡುತ್ತಾರೆ. ಕೆಲವರು ಊಟ ದೂಡುತ್ತಾರೆ. ಇನ್ನು ಕೆಲವರು ಬಯ್ಯುತ್ತಾರೆ, ಅದನ್ನು "ಚಾಲೆಂಜಿಂಗ್" ಅಂತ ಬರೆದು ಮುಗಿಸುತ್ತಾರೆ. ಅಬ್ಬಿ ಪೇನ್ ಸ್ಕೇಲ್ (ಹಾವಭಾವ ನೋಡಿ ನೋವು ಅಳೆಯುವ ಹಾಳೆ) ಇರುವುದೇ ಇಂಥವರಿಗೆ, ಬಳಸಿ.

ನೋವಿನ ಪ್ಯಾಚ್ ಹಾಕುವವರು ಹಳೆಯದನ್ನು ತೆಗೆದದ್ದಕ್ಕೂ ಸಹಿ ಹಾಕಿ. ದೇಹದ ಚಿತ್ರದಲ್ಲಿ ಎಲ್ಲಿ ಅಂಟಿಸಿದಿರಿ ಅಂತ ಗುರುತು ಮಾಡಿ, ಮುಂದಿನ ಸಲ ಬೇರೆ ಜಾಗ. ಎರಡು ಫೆಂಟನಿಲ್ (ಬಲವಾದ ನೋವಿನ ಔಷಧಿ) ಪ್ಯಾಚ್ ಒಟ್ಟಿಗೆ ಮೈಮೇಲೆ ಉಳಿದರೆ ಪ್ರಾಣಕ್ಕೇ ಸಂಚಕಾರ. ಪಾರ್ಕಿನ್ಸನ್ಸ್ ಮಾತ್ರೆ ಟೀ ರೌಂಡ್ ಮುಗಿದ ಮೇಲೆ ಕೊಡುವುದಲ್ಲ, ಬರೆದ ಹೊತ್ತಿಗೆ ಸರಿಯಾಗಿ ಕೊಡುವುದು.

ಥಿಕನರ್ ಪುಡಿಯ (ನುಂಗಲು ಕಷ್ಟ ಇರುವವರ ನೀರು, ಪಾನೀಯ ಗಟ್ಟಿ ಮಾಡುವ ಪುಡಿ) ಡಬ್ಬಿ ಟೇಬಲ್ ಮೇಲೆ ಬಿಡಬೇಡಿ. ಪುಡಿಯನ್ನೇ ಬಾಯಿಗೆ ಹಾಕಿಕೊಂಡು ಒಬ್ಬರು ಸತ್ತ ಮೇಲೆ, 2015ರಲ್ಲಿ ಎನ್‌ಎಚ್‌ಎಸ್ ಎಚ್ಚರಿಕೆ ಹೊರಡಿಸಿತು. ಆದರೂ ಡೈನಿಂಗ್ ಹಾಲ್‌ಗಳಲ್ಲಿ ಸಕ್ಕರೆ ಡಬ್ಬಿ ಪಕ್ಕದಲ್ಲೇ ಕಾಣಿಸುತ್ತದೆ.

ಲೆಸ್ಟರ್_ಮಗಳು

ನಾನು ಕೇರ್ ನಡೆಸುವವಳಲ್ಲ, ಕ್ಷಮಿಸಿ. ಅಮ್ಮ ಒಂದು ಕೇರ್ ಹೋಮ್‌ನಲ್ಲಿ ಇದ್ದಾರೆ. ತುಮಕೂರು ಕಡೆಯವರು, 81 ವರ್ಷ. ಸ್ಟ್ರೋಕ್ ಆದ ಮೇಲೆ ನುಂಗಲು ಕಷ್ಟ, ಲೆವೆಲ್ 5 ಊಟ ಅಂತ ಬರೆದಿದ್ದಾರೆ. ಇಂಗ್ಲಿಷ್ ಹೆಚ್ಚುಕಡಿಮೆ ಮರೆತೇ ಹೋಗಿದೆ. ದಿನಾ ಕೇಳುವುದು ಒಂದೇ, ಮುದ್ದೆ. ಮನೆಯಿಂದ ಮಾಡಿಕೊಂಡು ಹೋದೆ. ಗೇಟಿನಲ್ಲೇ "ಹೊರಗಿನ ಊಟ ಬಿಡಲ್ಲ" ಅಂದರು. ಇದಕ್ಕೇನಾದರೂ ರೂಲ್ ಇದೆಯಾ?

ದಾವಣಗೆರೆ_ಡಾಮ್‌ಕೇರ್

ರೂಲೂ ಇಲ್ಲ ಏನೂ ಇಲ್ಲ, ಅವರಿಗೆ ತಲೆನೋವು ಬೇಡ ಅಷ್ಟೇ. ಮುದ್ದೆ ಅಗಿಯೋದೇ ಇಲ್ಲ, ನುಂಗೋದು. ನುಂಗಲು ಅದಕ್ಕಿಂತ ಸುಲಭದ ಊಟ ಯಾವುದಿದೆ? ಈ ಬ್ರಿಟಿಷರಿಗೆ ಹೇಗೆ ಅರ್ಥ ಮಾಡಿಸೋದು!

ಹಾಸನದ_ನರ್ಸ್

ಅಣ್ಣಾ, ದಯವಿಟ್ಟು ಹಾಗೆ ಬರೆಯಬೇಡಿ. ಯಾರಾದರೂ ಓದಿ ಹಾಗೇ ಮಾಡಿಬಿಟ್ಟಾರು. ಅಗಿಯದೆ ನುಂಗುತ್ತೇವೆ ಅನ್ನುವುದೇ ಇಲ್ಲಿ ಅಪಾಯ. ಗಂಟಲು ಸರಿ ಇರುವವರಿಗೆ ಮುದ್ದೆ ಸಾರಿನಲ್ಲಿ ಅದ್ದಿದರೆ ಜಾರುತ್ತದೆ. ಸ್ಟ್ರೋಕ್ ಆದವರಿಗೆ ಅಂಟಿಕೊಳ್ಳುತ್ತದೆ.

ಲೆವೆಲ್ 5 ಅಂದರೆ ಸಣ್ಣಗೆ ಅರೆದ, ಒದ್ದೆಯಾದ ಊಟ. ದೊಡ್ಡವರಿಗೆ ಚೂರು 4 ಮಿಲಿಮೀಟರ್ ಮೀರಬಾರದು. ಫೋರ್ಕಿನ ಹಲ್ಲುಗಳ ನಡುವಿನ ಜಾಗ ಸುಮಾರು ಅಷ್ಟೇ ಇರುತ್ತದೆ, ಅದಕ್ಕೇ ಫೋರ್ಕ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಾರೆ. ಇನ್ನೊಂದು ಪರೀಕ್ಷೆ ಇದೆ. ಚಮಚದಲ್ಲಿ ತೆಗೆದುಕೊಂಡು ವಾಲಿಸಬೇಕು. ಊಟ ಚಮಚ ಬಿಟ್ಟು ಜಾರಿ ಬೀಳಬೇಕು. ಮುದ್ದೆಯನ್ನು ಚಮಚದಲ್ಲಿ ಹಾಕಿ ವಾಲಿಸಿ ನೋಡಿ. ಚಮಚ ತಲೆಕೆಳಗಾದರೂ ಅದು ಅಲ್ಲೇ ಕೂತಿರುತ್ತದೆ. ಗಂಟಲಲ್ಲೂ ಅದೇ ಕಥೆ.

ಲೆಸ್ಟರ್ ಅಕ್ಕಾ, ಹಾಗಂತ ಅಮ್ಮನಿಗೆ ರಾಗಿಯೇ ಇಲ್ಲ ಅಂತ ಅಲ್ಲ. ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಮೂಲಕ, ನುಂಗುವ ತೊಂದರೆ ನೋಡುವ ಸ್ಪೀಚ್ ಅಂಡ್ ಲ್ಯಾಂಗ್ವೇಜ್ ಥೆರಪಿಸ್ಟ್‌ಗೆ ರೆಫರ್ ಮಾಡಿಸಿ, ಅವರು ಬಂದಾಗ ರಾಗಿ ಅಂಬಲಿ ಮಾಡಿ ತೋರಿಸಿ. ಗಂಟಿಲ್ಲದೆ ಕದಡಿ, ಜರಡಿಯಲ್ಲಿ ಸೋಸಿ, ಎಷ್ಟು ಗಟ್ಟಿ ಇರಬೇಕು ಅಂತ ಅವರೇ ಹೇಳುತ್ತಾರೆ. ಆರಿದಂತೆ ಅಂಬಲಿ ಗಟ್ಟಿಯಾಗುತ್ತದೆ ಅನ್ನುವುದನ್ನೂ ಹೇಳಿ, ಅವರಿಗೆ ಗೊತ್ತಿರುವುದಿಲ್ಲ. ಸೊಪ್ಪಿನ ಸಾರು ಚೆನ್ನಾಗಿ ರುಬ್ಬಿ ಜೊತೆಗೆ ಕೊಡಬಹುದಾ ಅಂತಲೂ ಕೇಳಿ.

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ನರ್ಸ್ ಹೇಳಿದ್ದು ನೂರಕ್ಕೆ ನೂರು. ನಾನು ಹೋಮ್ ನಡೆಸುವವರ ಕಡೆಯಿಂದ ಹೇಳುತ್ತೇನೆ.

"ಹೊರಗಿನ ಊಟ ಬಿಡಲ್ಲ" ಅಂತ ಒಂದೇ ಸಾಲಿನಲ್ಲಿ ಎಲ್ಲರಿಗೂ ಬಾಗಿಲು ಹಾಕುವುದು ಸರಿಯಲ್ಲ. ಆಹಾರದ ವಿಷಯದಲ್ಲಿ ಆ ವ್ಯಕ್ತಿಯ ಇಷ್ಟ, ಧರ್ಮ, ಸಂಸ್ಕೃತಿ ನೋಡಬೇಕು ಅಂತ ನಿಯಮದಲ್ಲೇ ಇದೆ. ಅಮ್ಮನಿಗೆ ಈ ತೀರ್ಮಾನ ಮಾಡುವ ಶಕ್ತಿ ಇದೆಯಾ ಅಂತ ಮೊದಲು ನೋಡಬೇಕು. ಅದೂ ಕನ್ನಡದಲ್ಲಿ ಕೇಳಿ ನೋಡಬೇಕು. ಇಂಗ್ಲಿಷ್‌ನಲ್ಲಿ ಕೇಳಿ, ಉತ್ತರ ಬರಲಿಲ್ಲ, ಶಕ್ತಿ ಇಲ್ಲ ಅಂತ ಬರೆಯುವುದು 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್‌ಗೇ ವಿರುದ್ಧ. ಸಾಧ್ಯವಾದ ಎಲ್ಲಾ ಸಹಾಯ ಕೊಟ್ಟು ನೋಡಿದ ಮೇಲೆ ಮಾತ್ರ ಹಾಗೆ ತೀರ್ಮಾನಿಸಬಹುದು. ಇಂಟರ್ಪ್ರಿಟರ್ ತರಿಸಿ. ಮಗಳನ್ನೇ ಕೂರಿಸಿ ಕೇಳಿಸಬೇಡಿ, ಮಗಳಿಗೂ ಅದರಲ್ಲಿ ಆಸೆ ಇರುತ್ತದೆ, ಭಯವೂ ಇರುತ್ತದೆ.

ಶಕ್ತಿ ಇದ್ದು, ಅಪಾಯ ಗೊತ್ತಿದ್ದೂ "ನನಗೆ ಮುದ್ದೆಯೇ ಬೇಕು" ಅಂದರೆ, ಅದು ಅವರ ಹಕ್ಕು. ನಮಗೆ ಅವಿವೇಕ ಅನ್ನಿಸಿದ ಮಾತ್ರಕ್ಕೆ ಶಕ್ತಿ ಇಲ್ಲ ಅನ್ನುವಂತಿಲ್ಲ, ಕಾನೂನೇ ಹಾಗೆ ಹೇಳುತ್ತದೆ. ಆಗ ಥೆರಪಿಸ್ಟ್ ಜೊತೆ ಕೂತು, ಅಪಾಯ ಎಷ್ಟು ಕಡಿಮೆ ಮಾಡಬಹುದು ಅಂತ ಬರೆಯುವುದು ನಮ್ಮ ಕೆಲಸ. ಶಕ್ತಿ ಇಲ್ಲ ಅಂತಾದರೆ ಬೆಸ್ಟ್ ಇಂಟರೆಸ್ಟ್ ಸಭೆ (ಅವರ ಹಿತಕ್ಕೆ ಯಾವುದು ಸರಿ ಅಂತ ತೀರ್ಮಾನಿಸುವುದು), ಅದರಲ್ಲಿ ಮಗಳ ಮಾತೂ ಬೇಕು.

ಅಡುಗೆಮನೆಗೆ ಒಂದು ಸೂಚನೆ. ಒಗ್ಗರಣೆಯ ಸಾಸಿವೆ ಇಲ್ಲಿನ 14 ಅಲರ್ಜನ್ ಪಟ್ಟಿಯಲ್ಲಿ ಇದೆ. ಎಳ್ಳೂ ಇದೆ. ಮನೆಯ ಡಬ್ಬಿ ಒಳಗೆ ಬರುವಾಗ ಹೆಸರು, ದಿನ, ಏನೇನು ಹಾಕಿದೆ ಅಂತ ಬರೆದು ಅಂಟಿಸಿ. ಪಕ್ಕದ ಟೇಬಲ್‌ನ ಅಜ್ಜಿಗೆ ರುಚಿ ತೋರಿಸುವುದು ಬೇಡ, ನಮ್ಮವರಿಗೆ ಆ ಅಭ್ಯಾಸ ಜಾಸ್ತಿ.

ಭೇಟಿ ವಿಷಯಕ್ಕೂ ಒಂದು ಮಾತು. 2024ರ ಏಪ್ರಿಲ್ 6ರಿಂದ ರೆಗ್ಯುಲೇಶನ್ 9ಎ ಜಾರಿಯಲ್ಲಿದೆ. ತೀರಾ ಅಸಾಧಾರಣ ಪರಿಸ್ಥಿತಿ ಬಿಟ್ಟರೆ ಕುಟುಂಬದವರ ಭೇಟಿ ತಡೆಯುವಂತಿಲ್ಲ. ಆಸ್ಪತ್ರೆಗೆ ಹೋಗುವಾಗ ಜೊತೆಗೆ ಬರುವುದಕ್ಕೂ ಅವಕಾಶ ಕೊಡಬೇಕು.

ಮ್ಯಾನೇಜರ್ ಕೇಳದಿದ್ದರೆ ಲಿಖಿತ ದೂರು ಕೊಡಿ. ಅಲ್ಲೂ ಸರಿಹೋಗದಿದ್ದರೆ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಓಂಬುಡ್ಸ್‌ಮನ್. ಸ್ವಂತ ದುಡ್ಡಿನಲ್ಲಿ ಇರುವವರ ದೂರನ್ನೂ ಅವರು ತೆಗೆದುಕೊಳ್ಳುತ್ತಾರೆ. ಸಿಕ್ಯುಸಿಗೆ ಹೇಳಬಹುದು, ಆದರೆ ಒಬ್ಬೊಬ್ಬರ ದೂರು ಬಗೆಹರಿಸುವುದು ಅವರ ಕೆಲಸವಲ್ಲ. ಆ ಮಾಹಿತಿ ತಪಾಸಣೆಗೆ ಉಪಯೋಗ ಆಗುತ್ತದೆ, ಅಷ್ಟೇ.

ದಾವಣಗೆರೆ_ಡಾಮ್‌ಕೇರ್

ಸರಿ, ಒಪ್ಪಿದೆ. ಚಮಚ ವಾಲಿಸಿ ನೋಡಿದೆ. ಬೀಳಲಿಲ್ಲ. 😄

ಮೈಸೂರಿಂದ_ಕೇಳ್ತಿದೀನಿ

ನಮಸ್ತೆ ಸರ್, ಮೇಡಂ. ಇಲ್ಲಿ ಒಬ್ಬ ಏಜೆಂಟ್ ಎಂಟು ಲಕ್ಷ ಕೊಟ್ಟರೆ ಯುಕೆಗೆ ಕೇರರ್ ವೀಸಾ ಮಾಡಿಸಿಕೊಡುತ್ತೇನೆ ಅಂತಿದ್ದಾನೆ. ಹೆಂಡತಿ ಮಗೂನೂ ಕರೆದುಕೊಂಡು ಹೋಗಬಹುದಂತೆ. ಯಾವ ಏರಿಯಾ ಒಳ್ಳೇದು?

ಕೊಪ್ಪಳ_ಟು_ಕೆಂಟ್

ಕೊಡಬೇಡಿ. ಒಂದು ರೂಪಾಯಿನೂ ಕೊಡಬೇಡಿ.

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ತಮ್ಮಾ, 2025ರ ಜುಲೈ 22ರಿಂದ ಹೊರದೇಶದಿಂದ ಕೇರ್ ವರ್ಕರ್, ಸೀನಿಯರ್ ಕೇರ್ ವರ್ಕರ್ ಕೆಲಸಕ್ಕೆ ಹೊಸ ವೀಸಾ ನಿಂತಿದೆ. ಇಲ್ಲೇ ಇರುವವರು ಬದಲಾಯಿಸಿಕೊಳ್ಳಲು ಮಾತ್ರ 2028ರ ಜುಲೈ 22ರವರೆಗೆ ಅವಕಾಶ, ಅದಕ್ಕೂ ಷರತ್ತುಗಳಿವೆ. ಹೆಂಡತಿ ಮಕ್ಕಳನ್ನು ಕರೆತರುವುದಂತೂ 2024ರ ಮಾರ್ಚ್ 11ಕ್ಕೇ ನಿಂತುಹೋಯಿತು. ಏಜೆಂಟ್ ಮಾರುತ್ತಿರುವುದು ಇಲ್ಲದ ವಸ್ತು. ಬಿಎಸ್ಸಿ ನರ್ಸಿಂಗ್ ಮಾಡಿದ್ದರೆ ದಾರಿ ಬೇರೆ. ಎನ್‌ಎಂಸಿ (ಇಲ್ಲಿನ ನರ್ಸಿಂಗ್ ಮಂಡಳಿ) ನೋಂದಣಿ, ಪರೀಕ್ಷೆ, ಅದು ಇನ್ನೂ ತೆರೆದಿದೆ. ಯಾರೇ ಏಜೆಂಟ್ ಆದರೂ ಭಾರತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಹೆಸರು ಇದೆಯಾ ನೋಡಿ.

ಮೈಸೂರಿಂದ_ಕೇಳ್ತಿದೀನಿ

ಅಡ್ವಾನ್ಸ್ ಕೊಡಲು ನಾಳೆ ಕರೆದಿದ್ದ. ತುಂಬಾ ಥ್ಯಾಂಕ್ಸ್.

ಕೊಪ್ಪಳ_ಟು_ಕೆಂಟ್

ನನ್ನ ಕಥೆ ಹೇಳುತ್ತೇನೆ, ಕಂಪನಿ ಹೆಸರು ಬೇಡ. 2023ರಲ್ಲಿ ಬಂದೆ. ವಾರಕ್ಕೆ 39 ಗಂಟೆ ಅಂತ ಸರ್ಟಿಫಿಕೇಟ್‌ನಲ್ಲಿ ಇತ್ತು. ಕೊಟ್ಟದ್ದು ಕೆಲವು ವಾರ 12, ಕೆಲವು ವಾರ ಏನೂ ಇಲ್ಲ. ಕಾರು ಬೇಕು ಅಂದರು, ಸಾಲ ಮಾಡಿ ತಗೊಂಡೆ. ಈಗ ಅವರ ಲೈಸೆನ್ಸ್ ರದ್ದಾಗಿದೆ. ಹೊರಡುವ ಮುಂಚೆ ಸರ್ಟಿಫಿಕೇಟ್ ಖರ್ಚು ವಾಪಸ್ ಕೊಡು ಅಂತ ಮೆಸೇಜ್ ಬೇರೆ. ಏನು ಮಾಡಲಿ?

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ಆ ಮೆಸೇಜ್ ಡಿಲೀಟ್ ಮಾಡಬೇಡಿ. ಪೇಸ್ಲಿಪ್, ರೋಟಾ, ಸರ್ಟಿಫಿಕೇಟ್, ಎಲ್ಲದರ ಪ್ರತಿ ಇಟ್ಟುಕೊಳ್ಳಿ. 2024ರ ಡಿಸೆಂಬರ್ 31ರಿಂದ ಸ್ಪಾನ್ಸರ್ ಲೈಸೆನ್ಸ್ ಫೀಸು, ಸರ್ಟಿಫಿಕೇಟ್ ಫೀಸು ಕೆಲಸಗಾರರಿಂದ ವಸೂಲಿ ಮಾಡುವಂತಿಲ್ಲ. ನಿಮ್ಮದು ಅದಕ್ಕಿಂತ ಹಳೆಯ ಸರ್ಟಿಫಿಕೇಟ್, ಹಾಗಾಗಿ ದುಡ್ಡು ಕೊಡುವ ಮುಂಚೆ ಏಕಾಸ್‌ಗೆ (ಉದ್ಯೋಗ ವಿವಾದಗಳಿಗೆ ಸಲಹೆ ಕೊಡುವ ಸಂಸ್ಥೆ) ಫೋನ್ ಮಾಡಿ ಕೇಳಿ, ಉಚಿತ. ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ (ಸ್ಪಾನ್ಸರ್ ಸರ್ಕಾರಕ್ಕೆ ಕಟ್ಟುವ ಶುಲ್ಕ) ಅಂತೂ ಯಾವತ್ತೂ ವಸೂಲಿ ಮಾಡುವಂತಿರಲಿಲ್ಲ.

ಹೋಮ್ ಆಫೀಸ್‌ನಿಂದ ವೀಸಾ ಮೊಟಕು ಮಾಡುವ ಪತ್ರ ಬಂದರೆ ಸಾಮಾನ್ಯವಾಗಿ 60 ದಿನ ಸಿಗುತ್ತದೆ. ಪತ್ರ ಬರಲಿ ಅಂತ ಕಾಯಬೇಡಿ, ಈಗಲೇ ಹುಡುಕಿ. ನಿಮ್ಮಂಥವರನ್ನು ಹೊಸ ಕೆಲಸಕ್ಕೆ ಜೋಡಿಸಲು ಪ್ರತಿ ಪ್ರದೇಶದಲ್ಲೂ ಒಂದು ಇಂಟರ್‌ನ್ಯಾಶನಲ್ ರಿಕ್ರೂಟ್‌ಮೆಂಟ್ ಪಾಲುದಾರಿಕೆ ಇದೆ. ಸೌತ್ ಈಸ್ಟ್‌ನದಕ್ಕೆ ಬರೆಯಿರಿ. ಕೆಲಸ ಮಾಡಿಸಿಕೊಂಡು ದುಡ್ಡು ಕೊಡದೆ ಹೆದರಿಸಿದ್ದರೆ ಗ್ಯಾಂಗ್‌ಮಾಸ್ಟರ್ಸ್ ಅಂಡ್ ಲೇಬರ್ ಅಬ್ಯೂಸ್ ಅಥಾರಿಟಿಗೂ (ಕೆಲಸಗಾರರ ಶೋಷಣೆ ತಡೆಯುವ ಸಂಸ್ಥೆ, 2026ರ ಏಪ್ರಿಲ್ 7ರಿಂದ ಅದರ ಕೆಲಸ ಫೇರ್ ವರ್ಕ್ ಏಜೆನ್ಸಿಗೆ) ಹೇಳಬಹುದು.

ಇದನ್ನು ಓದುತ್ತಿರುವ ಹೋಮ್ ನಡೆಸುವವರೇ, ನಿಮಗೆ ಜನ ಬೇಕು, ಇಲ್ಲಿ ಅನುಭವ ಇರುವ ಜನ ನಿಂತಿದ್ದಾರೆ. ತೆಗೆದುಕೊಳ್ಳುವಾಗ ಒಂದು ಎಚ್ಚರ. ಹೊಸ ಸರ್ಟಿಫಿಕೇಟ್ ಕೊಟ್ಟು, ಹೊಸ ವೀಸಾ ಮಂಜೂರಾದ ಮೇಲೆ ಕೆಲಸ ಶುರು. ಅರ್ಜಿ ಹಾಕಿದ್ದಾರಲ್ಲ ಅಂತ ಸುಮ್ನೆ ರೋಟಾಗೆ ಹಾಕಬೇಡಿ. ಶೇರ್ ಕೋಡ್ (ಕೆಲಸ ಮಾಡುವ ಹಕ್ಕನ್ನು ಆನ್‌ಲೈನ್‌ನಲ್ಲಿ ನೋಡಲು ಕೆಲಸಗಾರ ಕೊಡುವ ಕೋಡ್) ತಗೊಂಡು ಎಂಪ್ಲಾಯರ್ ಪುಟದಲ್ಲೇ ಚೆಕ್ ಮಾಡಿ, ಆ ಪುಟದ ಪ್ರತಿ ಫೈಲಿಗೆ ಹಾಕಿ. ಕೆಲಸಗಾರ ತನ್ನ ಫೋನ್‌ನಲ್ಲಿ ತೋರಿಸಿದ್ದು ಲೆಕ್ಕಕ್ಕಿಲ್ಲ. ತಪ್ಪಿದರೆ ಮೊದಲ ಸಲ ಒಬ್ಬರಿಗೆ 45,000 ಪೌಂಡ್‌ವರೆಗೆ ದಂಡ, ಮತ್ತೆ ಸಿಕ್ಕಿಬಿದ್ದರೆ 60,000. ಸಣ್ಣ ಹೋಮ್ ಮುಚ್ಚಲು ಅಷ್ಟು ಸಾಕು.

ಸರ್ರೆ_ಸಂಶಯ

ಎಲ್ಲಾ ಸರಿ. ಆದರೆ ಇಷ್ಟೆಲ್ಲಾ ಕಾಗದ ತುಂಬಿಸುತ್ತಾ ಕೂತರೆ ಆರೈಕೆ ಮಾಡುವವರು ಯಾರು? ಸಿಕ್ಯುಸಿಗೆ ಬೇಕಾಗಿರುವುದು ದಪ್ಪ ಫೈಲು. ತಪಾಸಣೆಯ ಚೌಕಟ್ಟು ಬೇರೆ ವರ್ಷಕ್ಕೊಂದು ಬದಲಾಯಿಸುತ್ತಾರೆ.

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ಚೌಕಟ್ಟಿನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. 2023ರ ಕೊನೆಯಲ್ಲಿ 34 ಕ್ವಾಲಿಟಿ ಸ್ಟೇಟ್‌ಮೆಂಟ್ ಇರುವ ಹೊಸ ಚೌಕಟ್ಟು ತಂದರು. 2024ರಲ್ಲಿ ಸರ್ಕಾರ ಮಾಡಿಸಿದ ಪೆನ್ನಿ ಡ್ಯಾಶ್ ವರದಿ ಸಿಕ್ಯುಸಿಯ ಕೆಲಸವನ್ನೇ ಕಟುವಾಗಿ ಟೀಕಿಸಿತು. 2025ರ ಅಕ್ಟೋಬರ್‌ನಲ್ಲಿ ಮತ್ತೆ ಬದಲಾಯಿಸೋಣ ಅಂತ ಅಭಿಪ್ರಾಯ ಕೇಳಿದರು. ಆದರೆ ಕೆಳಗಿರುವ 2014ರ ನಿಯಮಗಳು ಹಾಗೇ ಇವೆ. ಸೇಫ್, ಎಫೆಕ್ಟಿವ್, ಕೇರಿಂಗ್, ರೆಸ್ಪಾನ್ಸಿವ್, ವೆಲ್-ಲೆಡ್, ಈ ಐದು ಪ್ರಶ್ನೆಗಳೂ ಹಾಗೇ ಇವೆ. "ಹೊಸ ಚೌಕಟ್ಟಿಗೆ ಹೊಸ ಪಾಲಿಸಿ ಪ್ಯಾಕ್" ಅಂತ ಫೋನ್ ಮಾಡುವ ಕನ್ಸಲ್ಟೆಂಟ್‌ಗಳಿಗೆ ಅವಸರದಲ್ಲಿ ದುಡ್ಡು ಕೊಡಬೇಡಿ.

ದಪ್ಪ ಫೈಲಿನ ಮಾತು ಮಾತ್ರ ಒಪ್ಪುವುದಿಲ್ಲ. ಇನ್ಸ್‌ಪೆಕ್ಟರ್ ಫೈಲಿನ ಒಂದು ಸಾಲು ಓದುತ್ತಾರೆ, ಎದ್ದು ಹೋಗಿ ಕೋಣೆಯಲ್ಲಿ ಅದನ್ನೇ ಹುಡುಕುತ್ತಾರೆ. ಎರಡೂ ಹೊಂದಿದರೆ ತೆಳು ಫೈಲೂ ಸಾಕು.

ಪರಿಚಯದವರ ಒಂದು ಹೋಮ್‌ಗೆ ಮಾಕ್ ಇನ್ಸ್‌ಪೆಕ್ಷನ್ (ಅಭ್ಯಾಸದ ತಪಾಸಣೆ) ಮಾಡಲು ಹೋಗಿದ್ದೆ. ಸ್ನಾನದ ನೀರಿನ ತಾಪಮಾನದ ಹಾಳೆ ಬಾತ್‌ರೂಮ್ ಬಾಗಿಲ ಹಿಂದೆ ನೇತುಹಾಕಿದ್ದರು. ಇಡೀ ತಿಂಗಳು 41, 41, 41. ಒಂದೇ ನೀಲಿ ಪೆನ್ನು, ಒಂದೇ ಓರೆ ಕೈಬರಹ. ಆ ತಿಂಗಳು ನಾಲ್ಕು ಜನ ಬೇರೆ ಬೇರೆಯವರು ಸ್ನಾನ ಮಾಡಿಸಿದ್ದಾರೆ ಅಂತ ರೋಟಾ ಹೇಳುತ್ತಿತ್ತು. ಥರ್ಮಾಮೀಟರ್ ಕೊಡಿ ಅಂದೆ. ಡ್ರಾಯರ್‌ನಲ್ಲಿತ್ತು, ಬ್ಯಾಟರಿ ಇರಲಿಲ್ಲ. ನನ್ನ ಥರ್ಮಾಮೀಟರ್ ಹಿಡಿದೆ, 47 ತೋರಿಸಿತು. ಸ್ನಾನಕ್ಕೆ ಬರುವ ನೀರು 44 ದಾಟಬಾರದು. ಚರ್ಮದಲ್ಲಿ ಸ್ಪರ್ಶ ಕಡಿಮೆಯಾದ ವಯಸ್ಸಾದವರು ಬಿಸಿ ಅಂತ ಹೇಳುವಷ್ಟರಲ್ಲಿ ಸುಟ್ಟಿರುತ್ತದೆ. ಅಲ್ಲಿ ಕಾಗದ ಕಡಿಮೆ ಇರಲಿಲ್ಲ ನೋಡಿ.

ಇದೇ ರೀತಿ ಒಂದು ಸುತ್ತು ನೀವೇ ಹಾಕಿ. ಹಾಯ್ಸ್ಟ್‌ಗೂ (ಜನರನ್ನು ಎತ್ತುವ ಯಂತ್ರ) ಸ್ಲಿಂಗ್‌ಗೂ (ಎತ್ತುವಾಗ ಕೂರಿಸುವ ಬಟ್ಟೆ) ಆರು ತಿಂಗಳಿಗೊಮ್ಮೆ ಲೋಲರ್ (ಎತ್ತುವ ಸಾಧನಗಳ ಸುರಕ್ಷತಾ ನಿಯಮ) ತಪಾಸಣೆ. ಅದು ಸರ್ವಿಸಿಂಗ್ ಅಲ್ಲ, ಬೇರೆ. ಸ್ಲಿಂಗ್‌ನ ಲೇಬಲ್ ಅಳಿಸಿಹೋಗಿದ್ದರೆ ಅದನ್ನು ಬಳಸಬೇಡಿ. ಮೇಲಿನ ಮಹಡಿಯ ಕಿಟಕಿ 100 ಮಿಲಿಮೀಟರ್‌ಗಿಂತ ಜಾಸ್ತಿ ತೆರೆಯಬಾರದು, ಕೈಯಲ್ಲಿ ದೂಡಿ ನೋಡಿ. ಬೆಡ್ ರೈಲ್ ನಡುವೆ ಸಿಕ್ಕಿಕೊಂಡು ಜನ ಸತ್ತದ್ದಕ್ಕೆ 2023ರ ಆಗಸ್ಟ್‌ನಲ್ಲಿ ಎಂಎಚ್‌ಆರ್‌ಎ (ಔಷಧಿ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) ರಾಷ್ಟ್ರೀಯ ಎಚ್ಚರಿಕೆ ಕೊಟ್ಟಿತು. ಹಾಸಿಗೆ ಬದಲಾಯಿಸಿದಾಗ, ಆ ವ್ಯಕ್ತಿಯ ತೂಕ ಇಳಿದಾಗ ಅಸೆಸ್‌ಮೆಂಟ್ ಹೊಸದಾಗಿ ಮಾಡಬೇಕು.

ಸರ್ರೆ_ಸಂಶಯ

47ಕ್ಕೆ ಬೆಚ್ಚಿಬಿದ್ದೆ. ಸೋಮವಾರ ನಮ್ಮಲ್ಲೂ ನೋಡುತ್ತೇನೆ.

ಇನ್ನೊಂದು ಪ್ರಶ್ನೆ. ನಮ್ಮಲ್ಲಿ ಒಬ್ಬ ತಾತ ಇದ್ದಾರೆ, ಡಿಮೆನ್ಶಿಯಾ, ಬಾಗಿಲಿಗೆ ಕೋಡ್ ಲಾಕ್. ಮಗ ಎಲ್ಲದಕ್ಕೂ ಸಹಿ ಹಾಕಿದ್ದಾನೆ. ಊರಲ್ಲಿ ಮಾಡಿಸಿದ ಜನರಲ್ ಪವರ್ ಆಫ್ ಅಟಾರ್ನಿನೂ ಕೊಟ್ಟಿದ್ದಾನೆ. ಸಾಕಲ್ವಾ?

ಹಾಸನದ_ನರ್ಸ್

ಸಾಲದು. ಆಸ್ತಿಗೆ ಮಾಡಿಸಿದ ಕಾಗದದ ಮೇಲೆ ಆರೈಕೆಯ ತೀರ್ಮಾನ ನಡೆಸಬೇಡಿ. ಇಲ್ಲಿ ಬೇಕಾದದ್ದು ಹೆಲ್ತ್ ಅಂಡ್ ವೆಲ್‌ಫೇರ್ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಆರೋಗ್ಯ, ಆರೈಕೆಯ ತೀರ್ಮಾನಕ್ಕೆ ಮೊದಲೇ ಬರೆದುಕೊಟ್ಟ ಅಧಿಕಾರ), ಅದೂ ಆಫೀಸ್ ಆಫ್ ದಿ ಪಬ್ಲಿಕ್ ಗಾರ್ಡಿಯನ್‌ನಲ್ಲಿ ನೋಂದಣಿ ಆಗಿರಬೇಕು. ಅಥವಾ ಕೋರ್ಟ್ ನೇಮಿಸಿದ ಡೆಪ್ಯುಟಿ. ಇಲ್ಲದಿದ್ದರೆ ಮಗನ ಅಭಿಪ್ರಾಯ ಕೇಳಬೇಕು, ಆದರೆ ಅವನ ಸಹಿ ಒಪ್ಪಿಗೆ ಆಗುವುದಿಲ್ಲ. ಇದು ಹೇಳಿದರೆ ನಮ್ಮವರಿಗೆ ಬೇಜಾರಾಗುತ್ತದೆ, "ನಮ್ಮಪ್ಪನಿಗೆ ನಾನು ಸಹಿ ಹಾಕದೆ ಇನ್ಯಾರು ಹಾಕ್ತಾರೆ" ಅಂತ. ನಿಧಾನವಾಗಿ ಕೂರಿಸಿ ವಿವರಿಸಬೇಕು.

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ಕೋಡ್ ಲಾಕ್ ಇದೆ, ಸದಾ ನಿಗಾ ಇದೆ, ಹೊರಡುತ್ತೇನೆ ಅಂದರೆ ಬಿಡುವುದಿಲ್ಲ, ಒಪ್ಪಿಗೆ ಕೊಡುವ ಶಕ್ತಿ ಅವರಿಗಿಲ್ಲ ಅಂದರೆ ಡಾಲ್ಸ್ ಅರ್ಜಿ ಬೇಕೇ ಬೇಕು. ಲಾಸ್ಟಿಂಗ್ ಪವರ್ ಇದ್ದರೂ ಬೇಕು. ಅರ್ಜಂಟ್ ಆದರೆ ನೀವೇ 7 ದಿನಕ್ಕೆ ಕೊಟ್ಟುಕೊಂಡು, ಜೊತೆಗೇ ಕೌನ್ಸಿಲ್‌ಗೆ ಸ್ಟ್ಯಾಂಡರ್ಡ್ ಅರ್ಜಿ ಹಾಕಿ. ಕೌನ್ಸಿಲ್ ತಿಂಗಳುಗಟ್ಟಲೆ ತಡ ಮಾಡುತ್ತದೆ, ಎಲ್ಲರಿಗೂ ಗೊತ್ತು. ಅರ್ಜಿ ಹಾಕಿದ ದಿನ, ನೆನಪಿಸಿದ ದಿನ ಬರೆದಿಡಿ. ಮಂಜೂರಾದರೆ ಗರಿಷ್ಠ 12 ತಿಂಗಳು. ಜೊತೆಗೆ ಬರುವ ಷರತ್ತುಗಳನ್ನು ಕೇರ್ ಪ್ಲ್ಯಾನ್‌ಗೆ ಸೇರಿಸಿ. "ವಾರಕ್ಕೊಮ್ಮೆ ಹೊರಗೆ ಕರೆದುಕೊಂಡು ಹೋಗಬೇಕು" ಅಂತ ಷರತ್ತು ಇರುತ್ತದೆ, ಯಾರೂ ಓದಿರುವುದಿಲ್ಲ.

ಸಿಕ್ಯುಸಿಗೆ ತಿಳಿಸಬೇಕಾದದ್ದು ಅರ್ಜಿ ಹಾಕಿದಾಗ ಅಲ್ಲ, ಫಲಿತಾಂಶ ಬಂದ ಮೇಲೆ. ಗಂಭೀರ ಗಾಯ, ದೌರ್ಜನ್ಯದ ಆರೋಪ, ಪೊಲೀಸರು ಬಂದ ಘಟನೆ, ಸಾವು ಇವನ್ನು ತಡಮಾಡದೆ ತಿಳಿಸಬೇಕು. ಕೌನ್ಸಿಲ್‌ನ ಸೇಫ್‌ಗಾರ್ಡಿಂಗ್ ತಂಡಕ್ಕೆ ಹೇಳಿದೆವು, ಸಾಕು ಅಂದುಕೊಳ್ಳಬೇಡಿ. ಅದು ಬೇರೆ, ಇದು ಬೇರೆ.

ಟ್ರೇನಿಂಗ್ ಬಗ್ಗೆ ಎರಡು ಮಾತು. ಲರ್ನಿಂಗ್ ಡಿಸಬಿಲಿಟಿ, ಆಟಿಸಂ ತರಬೇತಿ 2022ರ ಜುಲೈ 1ರಿಂದ ಕಾನೂನಿನಲ್ಲೇ ಕಡ್ಡಾಯ. ವೃದ್ಧರ ಹೋಮ್ ಆದರೂ, ಅಡುಗೆಯವರು, ರಿಸೆಪ್ಷನ್‌ನವರು ಆದರೂ ಬೇಕು. ಆಟಿಸಂ ಇದ್ದ ಆಲಿವರ್ ಮೆಕ್‌ಗೋವನ್ 18ನೇ ವಯಸ್ಸಿನಲ್ಲಿ 2016ರಲ್ಲಿ ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. ಆಂಟಿಸೈಕೋಟಿಕ್ (ಮನೋರೋಗದ ಔಷಧಿ) ಬೇಡ ಅಂತ ಅವನೂ, ಮನೆಯವರೂ ಹೇಳಿದ್ದರು. ಆದರೂ ಕೊಟ್ಟರು. ತರಬೇತಿಗೆ ಅವನ ಹೆಸರೇ ಇದೆ. ಕೇರ್ ಸರ್ಟಿಫಿಕೇಟ್‌ಗೂ (ಹೊಸ ಕೇರರ್‌ಗಳ ಮೂಲ ತರಬೇತಿ) 2025ರಲ್ಲಿ ಇದೇ ವಿಷಯದ 16ನೇ ಸ್ಟ್ಯಾಂಡರ್ಡ್ ಸೇರಿದೆ.

ಡೇಟಾ ಸೆಕ್ಯುರಿಟಿ ಟೂಲ್‌ಕಿಟ್ (ಮಾಹಿತಿ ಸುರಕ್ಷತೆಯ ಆನ್‌ಲೈನ್ ಸ್ವಯಂ ಪರೀಕ್ಷೆ) ಪ್ರತಿ ವರ್ಷ ಜೂನ್ 30ರೊಳಗೆ ತುಂಬಬೇಕು. ಅದಕ್ಕೂ ಮುಂಚೆ ನಿಮ್ಮ ಸ್ಟಾಫ್ ವಾಟ್ಸಾಪ್ ಗ್ರೂಪ್ ಒಮ್ಮೆ ನೋಡಿ. ಯುಗಾದಿ ದಿನ ಅಜ್ಜಿಯರಿಗೆ ಹೋಳಿಗೆ ಕೊಟ್ಟ ಫೋಟೋ ಹಾಕಿ, ಅದು ಊರಿನ ಫ್ಯಾಮಿಲಿ ಗ್ರೂಪ್‌ವರೆಗೆ ಹೋಗಿರುತ್ತದೆ. ಪ್ರೀತಿಯಿಂದಲೇ ಹಾಕಿರುತ್ತಾರೆ. ಆದರೆ ಆ ಅಜ್ಜಿಯನ್ನು ಯಾರೂ ಕೇಳಿರುವುದಿಲ್ಲ.

ಲೆಸ್ಟರ್_ಮಗಳು

ಅಪ್ಡೇಟ್: ಇವತ್ತು ಮ್ಯಾನೇಜರ್ ಜೊತೆ ಮಾತಾಡಿದೆ. ನೀವು ಬರೆದದ್ದನ್ನೇ ಹೇಳಿದೆ. ಜಿಪಿಗೆ ರೆಫರಲ್ ಕೇಳಲು ಒಪ್ಪಿದರು, ಇಂಟರ್ಪ್ರಿಟರ್ ಕರೆಸುತ್ತೇವೆ ಅಂದರು. ರಾಗಿ ಹಿಟ್ಟು ಅಡುಗೆಯವರಿಗೆ ತೋರಿಸಿದೆ, ಚಾಕೊಲೇಟ್ ಪುಡಿನಾ ಅಂತ ಕೇಳಿದರು.

ಕಾರ್ಕಳ_ಕೇರ್‌ಹೋಮ್

ನಾನು ರಿಜಿಸ್ಟರ್ಡ್ ಮ್ಯಾನೇಜರ್. ತಂಗಿ ಮದುವೆಗೆ ಮೇ ತಿಂಗಳು ಊರಿಗೆ ಹೋಗುತ್ತಿದ್ದೇನೆ, ಐದು ವಾರ. ಡೆಪ್ಯುಟಿ ಮ್ಯಾನೇಜರ್ ನೋಡಿಕೊಳ್ಳುತ್ತಾರೆ. ಇದಕ್ಕೂ ಏನಾದರೂ ಫಾರ್ಮ್ ಇದೆಯಾ ಅಕ್ಕಾ?

ಮಿಡ್‌ಲ್ಯಾಂಡ್ಸ್_ಮ್ಯಾನೇಜರ್

ಇದೆ. ಸತತ 28 ದಿನ ಅಥವಾ ಅದಕ್ಕಿಂತ ಜಾಸ್ತಿ ಇರುವುದಿಲ್ಲ ಅಂದರೆ ಸಿಕ್ಯುಸಿಗೆ ತಿಳಿಸಬೇಕು. ಗೊತ್ತಿದ್ದು ಹೋಗುವ ರಜೆ ಆದ್ದರಿಂದ ಹೊರಡುವ 28 ದಿನ ಮುಂಚೆಯೇ. ಎಷ್ಟು ದಿನ, ಯಾಕೆ, ಆ ಹೊತ್ತಿನಲ್ಲಿ ಯಾರು ನಡೆಸುತ್ತಾರೆ, ಅವರ ಅರ್ಹತೆ ಏನು ಅಂತ ಬರೆಯಬೇಕು. ವಾಪಸ್ ಬಂದ ಮೇಲೂ ತಿಳಿಸಬೇಕು. ನಾಲ್ಕು ವಾರಕ್ಕಿಂತ ಒಂದು ದಿನ ಮುಂಚೆ ಬಂದರೆ ಈ ಗೋಜಿಲ್ಲ, ಆದರೆ ತಂಗಿ ಮದುವೆ ಅಂದಮೇಲೆ ಬೀಗರೂಟ ಮುಗಿಯದೆ ಬಿಡುತ್ತಾರಾ. ಫಾರ್ಮ್ ತುಂಬಿ, ಟಿಕೆಟ್ ಬುಕ್ ಮಾಡಿ. ಡೆಪ್ಯುಟಿಗೆ ನೋಟಿಫಿಕೇಶನ್ ಪೋರ್ಟಲ್‌ನ ಲಾಗಿನ್ ಈಗಲೇ ಮಾಡಿಸಿಕೊಡಿ.